ಹಣಕಾಸಿನ ದತ್ತಾಂಶ ವಿಶ್ಲೇಷಣೆಗೆ ಪೈಥಾನ್ ಸೂಕ್ತವೇ, ಆರ್ ಸೂಕ್ತವೇ?

ಪ್ರಶ್ನೆ:
ನಾನು ಹಣಕಾಸು ವಿಷಯದಲ್ಲಿ ಸ್ನಾತಕೋತ್ತರ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಇದುವರೆಗೆ ಎಲ್ಲ ಲೆಕ್ಕವನ್ನೂ ಎಕ್ಸೆಲ್‌ನಲ್ಲಿಯೇ ಮಾಡುತ್ತಿದ್ದೆ. ಆದರೆ ಪ್ರಾಜೆಕ್ಟ್‌ಗೆಂದು ಪಡೆದ ಷೇರು ವಹಿವಾಟಿನ ಕಡತ 10,48,576 ಸಾಲುಗಳ ಮಿತಿಯನ್ನು ದಾಟಿದ್ದರಿಂದ ಉಳಿದ ಸಾಲುಗಳು ಹಾಳೆಯಲ್ಲಿ ಬರಲೇ ಇಲ್ಲ. ಪ್ರೋಗ್ರಾಮಿಂಗ್‌ನ ಗಂಧಗಾಳಿಯೂ ಇಲ್ಲದ ನಾನು ಪೈಥಾನ್, ಆರ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದರಿಂದ ಆರಂಭಿಸಬೇಕು?

ಉತ್ತರ 1:
ಪೈಥಾನ್‌ನಿಂದ ಆರಂಭಿಸಿ. ಅದರ ಪಾಂಡಾಸ್ ಲೈಬ್ರರಿಯನ್ನು (ಕೋಷ್ಟಕ ರೂಪದ ದತ್ತಾಂಶವನ್ನು ನಿಭಾಯಿಸುವ ಸಿದ್ಧ ಕೋಡ್‌ಗಳ ಸಂಗ್ರಹ) ವೆಸ್ ಮೆಕಿನ್ನಿ 2008ರಲ್ಲಿ ಬರೆಯತೊಡಗಿದ್ದೇ ಹೂಡಿಕೆ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ. ಹೀಗಾಗಿ ದಿನಾಂಕವಾರು ಬೆಲೆಗಳನ್ನು ಜೋಡಿಸುವುದು, ನಡುವೆ ಬಿಟ್ಟುಹೋದ ದಿನಗಳನ್ನು ನಿಭಾಯಿಸುವುದು ಮುಂತಾದ ಕೆಲಸಗಳು ಅದರಲ್ಲಿ ಸಲೀಸು. ನಿಮ್ಮ ವಿಭಾಗದಲ್ಲಿ ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ವಿಷಯ) ಅನ್ನು ಆರ್‌ನಲ್ಲಿಯೇ ಕಲಿಸುವುದಾದರೆ ಅದನ್ನೇ ಹಿಡಿಯಿರಿ. ಈ ಆಯ್ಕೆಗೆಂದು ಒಂದು ವಾರಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ 2:
ಭಾಷೆಗಿಂತ ದತ್ತಾಂಶವೇ ಹೆಚ್ಚು ಕಾಡುತ್ತದೆ. ವ್ಯಾಕರಣ ತಪ್ಪಿದರೆ ಪ್ರೋಗ್ರಾಂ ನಿಂತುಹೋಗುತ್ತದೆ, ತಪ್ಪು ಎಲ್ಲಿದೆ ಎಂದೂ ತಿಳಿಯುತ್ತದೆ. ದತ್ತಾಂಶವನ್ನು ತಪ್ಪಾಗಿ ಓದಿಕೊಂಡರೆ ಅದು ಚಕಾರವೆತ್ತದೆ ಉತ್ತರ ಕೊಡುತ್ತದೆ. ಆಪಲ್ ಕಂಪನಿಯು 2020ರ ಆಗಸ್ಟ್‌ನಲ್ಲಿ ಒಂದು ಷೇರನ್ನು ನಾಲ್ಕಾಗಿ ವಿಭಜಿಸಿತು. ಈ ವಿಭಜನೆಗೆ ತಕ್ಕಂತೆ ಹೊಂದಾಣಿಕೆ ಮಾಡದ ಮುಕ್ತಾಯ ಬೆಲೆಯ (ದಿನದ ಕೊನೆಯ ಬೆಲೆ) ಮೇಲೆ ದೈನಿಕ ಪ್ರತಿಫಲ, ಅಂದರೆ ಹಿಂದಿನ ದಿನಕ್ಕಿಂತ ಬೆಲೆ ಶೇಕಡಾ ಎಷ್ಟು ಬದಲಾಯಿತೆಂದು, ಲೆಕ್ಕ ಹಾಕಿದರೆ ಒಂದೇ ದಿನದಲ್ಲಿ ಸುಮಾರು ಮುಕ್ಕಾಲು ಪಾಲು ಬೆಲೆ ಕುಸಿದಂತೆ ಕಾಣುತ್ತದೆ, ವಾಸ್ತವದಲ್ಲಿ ಅಂದು ಷೇರು ಏರಿತ್ತು! ಆದ್ದರಿಂದ ಪ್ರತಿಫಲಗಳನ್ನು ಲೆಕ್ಕ ಹಾಕಿದ ಕೂಡಲೇ ಅತಿ ದೊಡ್ಡ ಹತ್ತು ಏರಿಳಿತಗಳನ್ನು ಕಣ್ಣಾರೆ ನೋಡಿ.

ಉತ್ತರ 3:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂದಿನ ಮುಕ್ತಾಯ ಬೆಲೆಯನ್ನು ನೋಡಿ ಇಂದೇ ಬೆಳಿಗ್ಗೆ ಷೇರು ಕೊಂಡಂತೆ ಲೆಕ್ಕ ಬರೆಯುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ನನ್ನ ಮೊದಲ ಪ್ರಾಜೆಕ್ಟ್‌ನಲ್ಲಿ ಲಾಭದ ಗೆರೆ ಎಲ್ಲಿಯೂ ಬಾಗದೆ ಮೇಲಕ್ಕೇರಿದ್ದನ್ನು ಕಂಡು ಹಿಗ್ಗಿದ್ದೆ. ಮಾರ್ಗದರ್ಶಕರು ಯಾವಾಗ ಕೊಳ್ಳಬೇಕು, ಮಾರಬೇಕು ಎಂದು ಹೇಳುವ ಸಂಕೇತದ ಕಾಲಂಗೆ ಶಿಫ್ಟ್ (ಸಾಲುಗಳನ್ನು ಸರಿಸುವ ಪಾಂಡಾಸ್ ಆಜ್ಞೆ) ಹಾಕಿ ಒಂದು ದಿನ ಕೆಳಕ್ಕೆ ಸರಿಸಲು ಹೇಳಿದರು. ಸರಿಸಿದ ಮೇಲೆ ಲಾಭವೆಲ್ಲ ಮಾಯವಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪೈಥಾನ್ ಆರಿಸಿಕೊಂಡಿದ್ದೇನೆ. ಇಡೀ ಕಡತವನ್ನು ಒಮ್ಮೆಗೇ ತೆರೆದರೆ ನನ್ನ ಲ್ಯಾಪ್‌ಟಾಪ್‌ನ ಮೆಮೊರಿ ಸಾಲುತ್ತಿಲ್ಲ. ಅದಕ್ಕೇನು ಮಾಡಲಿ?

ಉತ್ತರ 1:
ಓದಿಸುವಾಗಲೇ ಬೇಕಾದ ಕಾಲಂಗಳನ್ನಷ್ಟೇ ಆರಿಸಿ, ಚಂಕ್‌ಸೈಜ್ (ಒಮ್ಮೆಗೆ ಎಷ್ಟು ಸಾಲು ಓದಬೇಕೆಂಬ ಸಂಖ್ಯೆ) ಕೊಟ್ಟು ಕಂತುಕಂತಾಗಿ ಓದಿಸಿ. ಮೊದಲು ಒಂದೇ ಕಂಪನಿಯ ಒಂದು ತಿಂಗಳ ದತ್ತಾಂಶದ ಮೇಲೆ ಪ್ರೋಗ್ರಾಂ ಬರೆದು, ಅದರ ಉತ್ತರವನ್ನು ನಿಮಗೆ ಪಳಗಿರುವ ಎಕ್ಸೆಲ್‌ನಲ್ಲಿ ತಾಳೆ ನೋಡಿದ ನಂತರವೇ ಪೂರ್ಣ ಕಡತಕ್ಕೆ ಕೈ ಹಾಕಿ.