ಬಿಸಲಾಗ ಲಾರಿ ಓಡಸೋರು ಏನೇನ್ ಹುಷಾರಿ ಮಾಡ್ಬೇಕು? ಗೊತ್ತಿದ್ದೋರು ಹೇಳ್ರಿ

ಕೊಪ್ಪಳದಾಕಿ:

ಎಲ್ಲಾರಿಗೂ ನಮಸ್ಕಾರ. ನಮ್ಮ ಮನಿಯವರು ಟಿಪ್ಪರ್ ಓಡಸ್ತಾರ, ಸಂಡೂರ ಕಡೆಯಿಂದ ಅದಿರು ತುಂಬಕೊಂಡು ಹೊಸಪೇಟೆ ದಾಟಿ ಗಿಣಿಗೇರಾ ಕಡೆ ಫ್ಯಾಕ್ಟರಿಗೆ ಹಾಕೋದು. ಗಾಡಿ ಹಳೇದು, ಎಸಿ ಇಲ್ಲ, ಸಣ್ಣದೊಂದು ಫ್ಯಾನ್ ಐತಿ, ಅದೂ ಬಿಸಿಗಾಳಿನೇ ಬಡೀತೈತಿ. ಮನಿಗೆ ಬಂದಾಗ ಅಂಗಿ ಬೆನ್ನಿನ ಮ್ಯಾಲೆ ಉಪ್ಪಿನ ಬಿಳಿ ಗೆರಿ ಕೂತಿರ್ತಾವ, ಸಂಜಿಕ್ಕ ತಲಿ ಸಿಡೀತೈತಿ ಅಂತಾರ, ರಾತ್ರಿ ಮಲಗಿದ್ರ ಮೀನಖಂಡ ಹಿಡ್ಕೊಂತಾವ, ಈಗೀಗ ಉರಿಮೂತ್ರಾನೂ ಶುರು ಆಗೇತಿ. ನೀರ್ ಜಾಸ್ತಿ ಕುಡೀರಿ ಅಂದ್ರ ಕುಡದ್ರ ನಡುನಡುವ ಇಳೀಬೇಕಾಗ್ತೈತಿ, ಗೇಟ್ ಮುಂದಿನ ಲೈನ್ ತಪ್ಪತೈತಿ ಅಂತಾರ. ಬಿಸಲಿಗೆ ರಜಾ ಹಾಕ್ರಿ ಅನ್ನಾಕ ಬರಂಗಿಲ್ಲ, ಟ್ರಿಪ್ ಮ್ಯಾಲೆ ದುಡ್ಡು. ಇನ್ನೂ ಮೇ ತಿಂಗಳು ಪೂರ್ತಿ ಬಾಕಿ ಐತಿ, ನನಗ ಭಾಳ ಹೆದರಿಕಿ ಆಗೇತಿ. ಈ ಲೈನ್‌ನಾಗ ಇದ್ದೋರು ದಯವಿಟ್ಟು ಹೇಳ್ರಿ.

ಹತ್ತು ಗಾಲಿ:

ತಂಗೀ, ನಾನು ಬಳ್ಳಾರಿಯಾಂವ, ತೋರಣಗಲ್ಲು, ಸಂಡೂರು, ಹೊಸಪೇಟೆ ಇದ ನಮ್ಮ ರೂಟು. ಎಲ್ಲಾರೂ ಗಾಡಿ ಓಡಸೋದಾಗ ತ್ರಾಸ ಅನಕೊಂತಾರ, ಆದ್ರ ಓಡೋ ಗಾಡಿಗೆ ಬಿಸಿನೋ ತಂಪೋ ಒಂದಿಷ್ಟು ಗಾಳಿ ಬರ್ತೈತಿ, ಡ್ರೈವರ್ ಸುಸ್ತಾಗಿ ಬೀಳೋದು ನಿಂತಾಗ. ಫ್ಯಾಕ್ಟರಿ ಗೇಟು, ಗಾಡಿ ತೂಕ ಮಾಡೋ ವೇಬ್ರಿಜ್, ಅನ್‌ಲೋಡಿಂಗ್ ಲೈನ್ ಇಲ್ಲೆಲ್ಲಾ ಮಧ್ಯಾಹ್ನ ಗಾಡಿ ಬಿಸಲಾಗ ಸಾಲಾಗಿ ನಿಂತಿರ್ತಾವ, ಮರ ಅನ್ನೋದು ಇರಂಗಿಲ್ಲ, ಕೆಳಗ ಇಂಜಿನ್ ಕಾವು ಮ್ಯಾಲೆ ತಗಡು, ಕ್ಯಾಬಿನ್ ಕಾದ ಹಂಚು ಆಗ್ತೈತಿ, ಗಾಡಿ ಒಂದೊಂದ ಮಾರು ಮುಂದ ಹೋಗತಾವ ಅಂತ ಡ್ರೈವರ್ ಇಳಿಯಂಗೂ ಇಲ್ಲ. ಅಲ್ಲೇ ನಾವು ಹಿಂದ ಮುಂದ ನಾಕು ಗಾಡಿಯೋರು ಮಾತಾಡಕೊಂಡು ಬಿಡ್ತೀವಿ, ಒಬ್ಬಾಂವ ಲೈನ್ ನೋಡಕೋತಾನ, ಉಳದೋರು ಇಳದು ನೆರಳಿಗೆ ಹೋಗತೀವಿ, ಸರತಿ ಮ್ಯಾಲೆ. ಅವರಿಗೂ ಇದನ್ನ ಹೇಳು, ಲೈನ್ ತಪ್ಪತೈತಿ ಅನ್ನೋ ಚಿಂತಿ ಹೋದ್ರ ನೀರೂ ತಾವಾಗೇ ಕುಡೀತಾರ.

ಇನ್ನೊಂದು, ಇದನ್ನ ಕಟ್ಟುನಿಟ್ಟಾಗಿ ಹೇಳು ತಂಗೀ, ನೆರಳು ಇಲ್ಲಂತ ಗಾಡಿ ಕೆಳಗ ಮಲಗಬಾರದು. ಲೈನ್‌ನಾಗ ಹಿಂದಿನ ಗಾಡಿ ಬಂದು ತಾಗಿದ್ರ, ಇಲ್ಲಾ ಕ್ಲೀನರ್ ಗೊತ್ತಿಲ್ದ ಗಾಡಿ ಮುಂದ ತಗೊಂಡ್ರ ಮುಗೀತು. ಇಂಥಾದ್ರಾಗ ಜೀವ ಹೋಗ್ಯಾವ.

ನೀರು ಇಡಾಕ ಐದು ಲೀಟರ್ ಕ್ಯಾನಿಗೆ ಗೋಣಿಚೀಲ ಸುತ್ತಿ ಹೊಲದು ತೋಯಿಸಿ ಗಾಳಿ ಬಡಿಯೋ ಕಡೆ ಕಟ್ಟೋದು, ನಮ್ಮ ಕಡೆ ಹವಾ ಒಣಾ ಇರೋದಕ್ಕ ನೀರು ಚಲೋ ತಣ್ಣಗಾಗ್ತೈತಿ, ಗೋಣಿ ಆರಿದಾಗೊಮ್ಮೆ ಮತ್ತ ತೋಯಿಸಬೇಕು ಅಷ್ಟ. ಒದ್ದಿ ಟವಲ್ ಕುತ್ತಿಗಿಗೆ ಹಾಕ್ಕೊಂಡು ಆ ಫ್ಯಾನ್ ಹಚ್ಚಿದ್ರ ಬರೇ ಫ್ಯಾನಿಗಿಂತ ಎಷ್ಟೋ ಪಾಲು ಮೇಲು. ಆಗೋದಿದ್ರ ನಸುಕಿನ್ಯಾಗ ಲೋಡ್ ತಗೊಂಡು ಹನ್ನೆರಡರಿಂದ ನಾಕರ ತನಕ ಬೇವಿನ ಗಿಡದ ನೆರಳು ನೋಡಿ ನಿಲ್ಲಸೋದು ಚಲೋ, ಹಂಗಂತ ರಾತ್ರಿ ನಿದ್ದಿ ಕೆಟ್ಟು ನಸುಕಿನ್ಯಾಗ ಹೊಂಡಬಾರದು, ಅದು ಬಿಸಲಿಗಿಂತ ಕೆಟ್ಟದ್ದು.

ರಾಯಚೂರು ಸಿಸ್ಟರ್:

ಅಕ್ಕಾ ನಾನು ಸ್ಟಾಫ್ ನರ್ಸ್, ರಾಯಚೂರಲ್ಲಿ ಏಪ್ರಿಲ್ ಮೇ ಬಂದ್ರೆ 40 ದಾಟೋದು ಮಾಮೂಲು, ವಾರ್ಡಿಗೆ ಡ್ರೈವರ್‌ಗಳು ಹಮಾಲರು ಬರ್ತಾನೇ ಇರ್ತಾರೆ. ನೀವು ಹೇಳಿದ ಉಪ್ಪಿನ ಗೆರೆ, ಮೀನಖಂಡ ಹಿಡಿಯೋದು, ತಲೆನೋವು ಎಲ್ಲಾ ನೋಡಿದ್ರೆ ಮೈಯಿಂದ ನೀರಿನ ಜೊತೆ ಉಪ್ಪೂ ಹೋಗ್ತಿದೆ ಅನ್ಸುತ್ತೆ. ಬರೀ ನೀರು ಸಾಲಲ್ಲ. ಮೆಡಿಕಲ್ ಶಾಪಲ್ಲಿ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದಿರೋ ಓಆರ್‌ಎಸ್ ಪುಡಿ ತಗೊಳ್ಳಿ, ಡಬ್ಬಿ ಜ್ಯೂಸ್ ಬೇಡ. ದೊಡ್ಡ ಪಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕ್ಬೇಕು, ಅರ್ಧರ್ಧ ಅಂದಾಜಲ್ಲಿ ಹಾಕ್ಬೇಡಿ, ಕಲಸಿದ್ದು 24 ಗಂಟೆ ಮೇಲೆ ಇಡಬೇಡಿ. ಪಾಕೆಟ್ ಸಿಗ್ಲಿಲ್ಲ ಅಂದ್ರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟವಾಗಿ ಸವರಿ ಹಾಕಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿನೂ ಒಳ್ಳೇದೇ. ಬಿಪಿ, ಹಾರ್ಟು, ಕಿಡ್ನಿ ತೊಂದರೆ ಇದ್ರೆ ಮಾತ್ರ ಡಾಕ್ಟರನ್ನ ಕೇಳಿ ಆಮೇಲೆ ಕೊಡಿ.

ಒಮ್ಮೆಲೇ ಲೀಟರ್‌ಗಟ್ಟಲೆ ಕುಡಿಯೋದಕ್ಕಿಂತ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಲೋಟ, ಬಾಯಾರಿಕೆ ಆಗೋ ಮುಂಚೆನೇ. ಗುಟ್ಕಾ ಬಾಯಲ್ಲಿದ್ರೆ ಬಾಯಾರಿದ್ದೇ ಗೊತ್ತಾಗಲ್ಲ. ಮೂತ್ರದ ಬಣ್ಣ ನೋಡ್ಕೊಳ್ಳೋಕೆ ಹೇಳಿ, ತಿಳಿ ಹಳದಿ ಇದ್ರೆ ಸರಿ, ಗಾಢ ಆದ್ರೆ ನೀರು ಕಡಿಮೆ ಆಗಿದೆ ಅಂತ. ಉರಿಮೂತ್ರಕ್ಕೆ ಒಂದ್ಸಲ ಮೂತ್ರ ಟೆಸ್ಟ್ ಮಾಡಿಸಿಬಿಡಿ, ಇನ್‌ಫೆಕ್ಷನ್ನೂ ಇರಬಹುದು ಕಲ್ಲೂ ಇರಬಹುದು, ನೀರು ಬಿಟ್ಟು ಬಿಸಿಲಲ್ಲಿ ಕೂರೋರಿಗೆ ಕಿಡ್ನಿ ಕಲ್ಲು ಜಾಸ್ತಿ.

ಇದನ್ನ ಅವರ ಕ್ಲೀನರ್‌ಗೂ ಹೇಳಿಕೊಡಿ ಅಕ್ಕಾ. ಸುಸ್ತು, ವಾಕರಿಕೆ, ತಲೆಸುತ್ತು ಬಂದ್ರೆ ಗಾಡಿ ನಿಲ್ಸಿ ನೆರಳಿಗೆ ಹೋಗಿ ಓಆರ್‌ಎಸ್ ಕುಡೀಬೇಕು. ಆದ್ರೆ ಮಾತು ತೊದಲಿದ್ರೆ, ಏನೇನೋ ಬಡಬಡಿಸಿದ್ರೆ, ತೂರಾಡಿದ್ರೆ, ಎಚ್ಚರ ತಪ್ಪಿದ್ರೆ ಅದು ಹೀಟ್ ಸ್ಟ್ರೋಕ್, ಮೈ ಒಳಗಿನ ಕಾವು 40 ಡಿಗ್ರಿ ಮುಟ್ಟಿರುತ್ತೆ. ಬೆವರು ಇನ್ನೂ ಬರ್ತಾ ಇದೆಯಲ್ಲ ಅಂತ ಸುಮ್ಮನಿರಬೇಡಿ, ಬೆವರ್ತಾ ಇದ್ರೂ ಹೀಟ್ ಸ್ಟ್ರೋಕ್ ಆಗುತ್ತೆ. ತಕ್ಷಣ 108ಕ್ಕೆ ಫೋನು, ಆಂಬುಲೆನ್ಸ್ ಬರೋವರೆಗೆ ಅಂಗಿ ಬಿಚ್ಚಿ ಮೈತುಂಬಾ ನೀರು ಸುರಿದು ಗಾಳಿ ಹಾಕ್ತಾ ಇರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ, ಐಸ್ ಸಿಕ್ರೆ ಐಸ್. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕ್ಬೇಡಿ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್ ಕೆಲಸ ಮಾಡಲ್ಲ. ಮೈ ತಣ್ಣಗೆ ಮಾಡೋದು ಎಷ್ಟು ಬೇಗ ಆಗುತ್ತೋ ಅಷ್ಟು ಜೀವ ಉಳಿಯುತ್ತೆ.

ಸಿಂಧನೂರು ಟೈರ್:

ಗಾಡಿ ಬಗ್ಗೆ ಒಂದೆರಡು ಮಾತು. ಹವಾ ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಸ್ರಿ. ಮಧ್ಯಾಹ್ನ ಕಾದ ಟೈರಿನಾಗ ಹವಾ ಜಾಸ್ತಿ ತೋರಸ್ತೈತಿ, ಅದನ್ನ ನೋಡಿ ಬಿಡಸಿದ್ರ ತಣ್ಣಗಾದ ಮ್ಯಾಲೆ ಕಡಿಮಿ ಬೀಳ್ತೈತಿ, ಕಡಿಮಿ ಹವಾದಾಗ ಲೋಡ್ ಓಡಿದ್ರ ಟೈರ್ ಮಡಚಿ ಮಡಚಿ ಇನ್ನಷ್ಟು ಕಾದು ಒಡೀತೈತಿ. ಹಿಂದಿನ ಜೋಡಿ ಟೈರಿನ ಒಳಗಿಂದು ಕಣ್ಣಿಗೆ ಬೀಳಂಗಿಲ್ಲ, ರಾಡಿನಿಂದ ಬಡದು ಸಪ್ಪಳ ಕೇಳ್ರಿ. ಗಾಡಿ ಹೀಟ್ ಆದ್ರ ರೇಡಿಯೇಟರ್ ಕ್ಯಾಪ್ ಕೂಡಲೇ ತಗೀಬ್ಯಾಡ್ರಿ, ಕುದಿ ನೀರು ಮುಖಕ್ಕ ಚಿಮ್ಮತೈತಿ.

ಕೊಪ್ಪಳದಾಕಿ:

ಅಣ್ಣಾರ, ಅಕ್ಕಾರ, ಎಲ್ಲಾರಿಗೂ ಭಾಳ ಉಪಕಾರ ಆತು. ನಾಳೆನೇ ಮೂತ್ರ ಟೆಸ್ಟಿಗೆ ಕರಕೊಂಡು ಹೊಂಟೀನಿ. ಗೋಣಿಚೀಲ ಹೊಲಿಯಾಕ ಕುಂತೀನಿ. ಒಂದು ಕೇಳೋದಿತ್ತು, ಲಾರಿಗೆ ಎಸಿ ಕಡ್ಡಾಯ ಅಂತಾರಲ್ಲ, ಅದು ನಮ್ಮ ಗಾಡಿಗೂ ಬರ್ತೈತೇನು? ಮಾಲಕರಿಗೆ ಕೇಳಬಹುದಾ?

ಹತ್ತು ಗಾಲಿ:

ಅದು ಹೊಸ ಗಾಡಿಗೆ ತಂಗೀ, 2025ರ ಅಕ್ಟೋಬರ್ 1ರಿಂದ ತಯಾರಾದ 3.5 ಟನ್ ಮೇಲಿನ ಸರಕು ಗಾಡಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು, ಹಳೇ ಗಾಡಿಗೆ ಆ ರೂಲ್ ಹತ್ತಂಗಿಲ್ಲ. ಮಾಲಕರಿಗೆ ಬ್ಯಾರೇ ಕೇಳ್ರಿ, ಕ್ಯಾಬಿನ್ ಒಳಗ ಮ್ಯಾಲಿನ ತಗಡಿಗೆ ಥರ್ಮಕೋಲ್ ಇಲ್ಲಾ ಫೋಮ್ ಹೊಡಸಿ ರೆಗ್ಜಿನ್ ಹಾಕಸೋದು, ಇಂಜಿನ್ ಮ್ಯಾಲೆ ದಪ್ಪನ ಮ್ಯಾಟು, ಇನ್ನೊಂದು ಫ್ಯಾನು. ಎಸಿ ಮುಂದ ಇದು ದೊಡ್ಡ ಖರ್ಚಲ್ಲ, ನಮ್ಮ ಮಾಲಕರು ಕೇಳಿದ ಮ್ಯಾಲೆ ಮಾಡಸಿಕೊಟ್ರು. ಗೇಟಿನ ಹತ್ರ ನೆರಳು, ಕುಡಿಯೋ ನೀರು ಬೇಕಂತ ಲಾರಿ ಸಂಘದವರ ಕಡೆಯಿಂದ ಫ್ಯಾಕ್ಟರಿಯೋರಿಗೆ ಅರ್ಜಿ ಕೊಡಸ್ರಿ, ನಾವೂ ಸಹಿ ಹಾಕ್ತೀವಿ.