ದೊಡ್ಡ ಸೈಜಿನ ಕ್ಯೂಬನ್ ಸಿಗಾರ್: ನನ್ನ ನಾಲಿಗೆಗೆ ಯಾವುದು?

ಕೇಳಿದವರು, ಕಲಬುರಗಿ

ನನ್ನ ಭಾವಮೈದ ದುಬೈನಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬರುತ್ತಾನೆ. ಏನು ತರಲಿ ಎಂದ. ಕ್ಯೂಬಾದ ಸಿಗಾರ್ ತಾ ಎಂದೆ.

ಇದುವರೆಗೆ ಸೇದಿದ್ದು ಮೂರೇ ಮೂರು, ಎಲ್ಲವೂ ರೊಬುಸ್ಟೊ ಎಂಬ ಗಿಡ್ಡನೆಯ ಸೈಜಿನವು. ಪಾರ್ತಗಾಸ್ ಸೀರಿ ಡಿ ನಂಬರ್ 4 ಎರಡು ಸಲ, ಹೊಯೊ ದೆ ಮಾಂಟೆರೇ ಎಪಿಕ್ಯೂರ್ ನಂಬರ್ 2 ಒಂದು ಸಲ. ಪಾರ್ತಗಾಸ್ ಸೇದಿದಾಗ ಗಂಟಲಿಗೆ ಒಗ್ಗರಣೆ ಹಾಕಿದಂತಾಯಿತು. ಹೊಯೊ ಬಹಳ ಇಷ್ಟವಾಯಿತು, ಆದರೆ ರುಚಿ ಹತ್ತುವಷ್ಟರಲ್ಲಿ ಮುಗಿದೇ ಹೋಯಿತು. ಅದಕ್ಕೆ ಈ ಸಲ ನಮ್ಮ ಕೋಟೆಯ ಉದ್ದನೆಯ ಫಿರಂಗಿ, ಬಾರಾ ಗಜಿ ತೋಪಿನಂಥದ್ದೇ ಇರಲಿ ಅನಿಸಿದೆ. ಗೆಳೆಯನೊಬ್ಬ ಹೆದರಿಸುತ್ತಾನೆ, ದಪ್ಪ ಆದಷ್ಟೂ ಖಡಕ್ ಜಾಸ್ತಿ ಅಂತ. ನಿಜವಾ? ಸೇದಿ ನೋಡಿದವರು ಹೇಳಿ. ಹಾಲಿಲ್ಲದ ಚಹಾ, ಕಾಫಿ ನನಗೆ ಸೇರುತ್ತವೆ. ಖಾರ ಊಟದಲ್ಲಿದ್ದರೆ ಸಾಕು.

ಕಲಬುರಗಿಯಿಂದಲೇ ಇನ್ನೊಬ್ಬರು

ನಿಮ್ಮ ಗೆಳೆಯನ ಮಾತು ಪೂರ್ತಿ ಉಲ್ಟಾ. ಪಾತ್ರೆ ದೊಡ್ಡದಾದರೆ ಸಾರು ಖಾರ ಆಗುತ್ತದಾ?

ಖಡಕ್ ಇರುವುದು ಎಲೆಯಲ್ಲಿ. ತಂಬಾಕಿನ ಗಿಡದ ಮೇಲ್ಭಾಗದ ಎಲೆಗೆ ಲಿಹೆರೊ ಎನ್ನುತ್ತಾರೆ. ಬಿಸಿಲು ಜಾಸ್ತಿ ಕುಡಿದಿರುತ್ತದೆ, ದಪ್ಪ ಇರುತ್ತದೆ, ನಿಧಾನ ಉರಿಯುತ್ತದೆ. ಖಾರವೆಲ್ಲ ಅಲ್ಲಿ. ನಡುವಿನದು ಸೆಕೊ, ಪರಿಮಳಕ್ಕೆ. ಕೆಳಗಿನದು ವೊಲಾಡೊ, ಕೆಂಡ ಆರದಂತೆ ಉರಿಯುವುದಕ್ಕೆ. ಈ ಮೂರನ್ನು ಎಷ್ಟೆಷ್ಟು ಬೆರೆಸಬೇಕು ಎಂಬುದು ಒಂದೊಂದು ಬ್ರಾಂಡಿಗೆ ಒಂದೊಂದು ರೀತಿ. ಬೋಲಿವಾರ್, ಪಾರ್ತಗಾಸ್, ರಾಮೊನ್ ಅಯೋನೆಸ್ ಖಾರದ ಮನೆಗಳು, ಅಂದರೆ ಬ್ರಾಂಡ್‌ಗಳು. ಹೊಯೊ ಮೆತ್ತಗಿನ ಮನೆ. ಎಚ್. ಉಪ್ಮನ್ ಅದರ ಪಕ್ಕದ್ದು. ರೋಮಿಯೊ, ಪಂಚ್ ನಡುವೆ. ಮಾಂಟೆಕ್ರಿಸ್ಟೊ, ಕೊಹಿಬಾ ನಡುವಿಗಿಂತ ತುಸು ಮೇಲೆ. ನಿಮ್ಮ ಮೂರು ಸಿಗಾರ್‌ಗಳೇ ಇದಕ್ಕೆ ಸಾಕ್ಷಿ ಅಲ್ವಾ? ನೀವು ಸೇದಿದ ಡಿ4 ಮತ್ತು ಎಪಿಕ್ಯೂರ್ 2 ಎರಡರ ಅಳತೆಯೂ ಒಂದೇ: 50 ರಿಂಗ್, 124 ಮಿಲಿಮೀಟರ್. ಒಂದು ಸುಟ್ಟಿತು, ಒಂದು ಒಲಿಯಿತು. ಮನೆಯನ್ನು ನೀವು ಆಗಲೇ ಆರಿಸಿದ್ದೀರಿ. ಇನ್ನು ಉಳಿದಿರುವುದು ಎಷ್ಟು ಹೊತ್ತು ಕೂರುತ್ತೀರಿ ಎಂಬುದು.

ರಿಂಗ್ ಎಂದರೆ ದಪ್ಪದ ಲೆಕ್ಕ. ಒಂದು ಇಂಚಿನಲ್ಲಿ 64 ಭಾಗ ಮಾಡಿದರೆ ಅದರಲ್ಲಿ ಎಷ್ಟು ಭಾಗ ಅಂತ. 50 ಎಂದರೆ ಮುಕ್ಕಾಲು ಇಂಚಿಗಿಂತ ಚೂರು ಜಾಸ್ತಿ. ದೊಡ್ಡವುಗಳಲ್ಲಿ ನೀವು ನೋಡಬೇಕಾದ್ದು ಎರಡು ಸೈಜು. ಚರ್ಚಿಲ್ 47 ರಿಂಗ್, 178 ಮಿಲಿಮೀಟರ್. ಡಬಲ್ ಕರೋನ 49 ರಿಂಗ್, 194 ಮಿಲಿಮೀಟರ್. ನೋಡಿ, ಎರಡೂ ನಿಮ್ಮ ರೊಬುಸ್ಟೊಗಿಂತ ತೆಳ್ಳಗೇ ಇವೆ. ಉದ್ದ ಮಾತ್ರ ಜಾಸ್ತಿ. ಉದ್ದ ಇದ್ದಷ್ಟೂ ಕೆಂಡ ತುಟಿಯಿಂದ ದೂರ. ಹೊಗೆ ಬಾಯಿಗೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಹಾಗಾಗಿ ಮೊದಲ ಮೂರನೇ ಒಂದು ಭಾಗ ರೊಬುಸ್ಟೊಗಿಂತ ಸೌಮ್ಯ ಅನಿಸುತ್ತದೆ. ಬಾರಾ ಗಜಿ ತೋಪೇ ಬೇಕು ಎಂದರೆ ಮಾಂಟೆಕ್ರಿಸ್ಟೊ ಎ ಎಂಬುದಿದೆ, 235 ಮಿಲಿಮೀಟರ್. ಅದನ್ನು ಹಿಡಿದು ಕೂತರೆ ಕೈ ನೋಯುತ್ತದೆ, ಅಷ್ಟೇ ಹೇಳುತ್ತೇನೆ.

ನನ್ನದು ಕೇಳಿ. ನಾನು ಮೊದಲು ಸೇದಿದ ಡಬಲ್ ಕರೋನ ಪಾರ್ತಗಾಸ್ ಲುಸಿತಾನಿಯಾಸ್. ಭಾನುವಾರ ಮಧ್ಯಾಹ್ನ, ಬರಿ ಹೊಟ್ಟೆ, ಶುದ್ಧ ದಡ್ಡತನ. ಮೊದಲ ಅರ್ಧ ಗಂಟೆ ಎಷ್ಟು ಚೆನ್ನಾಗಿತ್ತೆಂದರೆ ಇದನ್ನೇನು ಖಾರ ಎನ್ನುತ್ತಾರೆ ಎಂದು ನಕ್ಕೆ. ಹುರಿದ ಬಾದಾಮಿ, ಮೊದಲ ಮಳೆಯ ಮಣ್ಣು, ಕೊಂಚ ಮೆಣಸು. ಅರ್ಧ ದಾಟಿದ ಮೇಲೆ ಹಣೆಯಲ್ಲಿ ಬೆವರು ಶುರುವಾಯಿತು. ಕಡೆಗೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಮಂಚ ಹಿಡಿದೆ. ಹೆಂಡತಿ ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕೊಟ್ಟಳು. ನಾನೂ ಹೌದು ಎಂದೆ.

ಆಮೇಲೆ ತಿಳಿದದ್ದು ಇಷ್ಟು. ದೊಡ್ಡ ಸಿಗಾರ್‌ನಲ್ಲಿ ಖಡಕ್ ಇರುವುದು ಒಂದೊಂದು ದಮ್ಮಿನಲ್ಲಲ್ಲ, ಒಟ್ಟು ಲೆಕ್ಕದಲ್ಲಿ. ಎರಡು ತಾಸು ತಂಬಾಕು ಬಾಯಲ್ಲಿದ್ದರೆ ಮೆತ್ತಗಿನದೂ ತಲೆಗೆ ಏರುತ್ತದೆ. ಹೊಟ್ಟೆ ತುಂಬಾ ಉಂಡು ಕೂರಬೇಕು. ನಿಮಿಷಕ್ಕೆ ಒಂದೇ ದಮ್ಮು. ಹೊಗೆ ಒಳಗೆ ಎಳೆಯಲೇಬಾರದು.

ಮುಂದಿನ ಚಳಿಗಾಲದಲ್ಲಿ ಹೊಯೊ ಡಬಲ್ ಕರೋನ ಸಿಕ್ಕಿತು. ಅಳತೆ ಲುಸಿತಾನಿಯಾಸ್‌ನದ್ದೇ, ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಇಲ್ಲ. ಊಟ ಆದಮೇಲೆ ಮಾಳಿಗೆಯ ಮೇಲೆ ಹಚ್ಚಿದೆ. ಕೆನೆ ಇದೆ, ದೇವದಾರು ಕಟ್ಟಿಗೆಯ ವಾಸನೆ ಇದೆ, ನಡುವೆ ಎಲ್ಲೋ ಜೇನು ಹಾಕಿದ ಚಹಾ. ಕಡೆಯ ಭಾಗದಲ್ಲಿ ಮಾತ್ರ ಸ್ವಲ್ಪ ಗಡಸು. ಕೆಳಗೆ ಬಂದಾಗ ಹತ್ತೂವರೆ. ಎಂಟೂ ಮುಕ್ಕಾಲಿಗೆ ಹಚ್ಚಿದ್ದೆ. ನಿಮ್ಮ ನಾಲಿಗೆಯ ವಿವರ ಓದಿದರೆ ನಿಮಗೆ ಇದೇ ಎಂದು ಅನಿಸುತ್ತದೆ. ಆದರೆ ಎರಡು ತಾಸು ಯಾರೂ ಕರೆಯದಂತೆ ಕೂರಲು ಆಗುತ್ತದಾ? ಗೃಹಪ್ರವೇಶದ ದಿನವಂತೂ ಕನಸಿನಲ್ಲೂ ಇಲ್ಲ. ಆವತ್ತಿನ ಹೊಗೆಗೆ ಹೋಮ ಇದ್ದೇ ಇದೆ.

ಯಾದಗಿರಿ ಕಡೆಯವರು

ಬಾಕ್ಸ್ ಬೇಡ. ಬಿಡಿ ಬಿಡಿಯಾಗಿ ತರಿಸಿ. ನಾನು ಹೆಸರು ಕೇಳಿ ಬೋಲಿವಾರ್ ಬಾಕ್ಸ್ ತರಿಸಿ, ನಾಲ್ಕು ಸೇದಿ, ಉಳಿದಿದ್ದನ್ನು ಹಂಚಿದೆ. ಈಗಲೂ ಅಳಿಯ ಬಂದಾಗಲೆಲ್ಲ "ಮಾಮಾ, ಆ ಸಿಗಾರ್ ಇನ್ನೂ ಇದೆಯಾ" ಎಂದು ಕೇಳುತ್ತಾನೆ.

ಇನ್ನೊಂದು, ವಿಮಾನದಲ್ಲಿ ಬರುವವರಿಗೆ ಇಷ್ಟೇ ಎಂಬ ಮಿತಿ ಇದೆ. ಸುಂಕವಿಲ್ಲದೆ ಒಬ್ಬರಿಗೆ 25 ಸಿಗಾರ್. ಭಾವಮೈದನಿಗೆ ಮೊದಲೇ ಹೇಳಿಡಿ.

ಕೇಳಿದವರು

ಥ್ಯಾಂಕ್ಸ್. ಎರಡು ತಾಸು ಕಷ್ಟವೇ. ಚರ್ಚಿಲ್ ಸೈಜಿನಲ್ಲಿ ಯಾವುದು? ಭಾವಮೈದ ಕೊಹಿಬಾ ಕೊಹಿಬಾ ಎಂದು ಕುಣಿಯುತ್ತಿದ್ದಾನೆ.

ಬೀದರ್‌ನವರು, ಈಗ ಹೈದರಾಬಾದಿನಲ್ಲಿ ಕೆಲಸ

ಕೊಹಿಬಾ ಎಸ್ಪ್ಲೆಂಡಿಡೊಸ್ ಒಂದು ಸಲ ಸೇದಿದ್ದೇನೆ. ಅದೂ 47 ರಿಂಗ್, 178 ಮಿಲಿಮೀಟರ್. ಹಸಿ ಹುಲ್ಲು, ಜೇನು, ಕಾಫಿ, ಎಲ್ಲ ಇತ್ತು. ಚೆನ್ನಾಗಿಲ್ಲ ಎನ್ನುವವನು ಸುಳ್ಳುಗಾರ. ಆದರೆ 2022ರಲ್ಲಿ ಅದರ ಬೆಲೆ ಏರಿಸಿದ ರೀತಿ ನೋಡಿದ ಮೇಲೆ ನನ್ನ ದುಡ್ಡಿನಲ್ಲಿ ಅದರ ಹತ್ತಿರ ಹೋಗಿಲ್ಲ. ಮೊದಲು ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಇತ್ತು. ಆಮೇಲೆ ಎಲ್ಲ ಕಡೆ ಹಾಂಗ್‌ಕಾಂಗ್ ಮಟ್ಟಕ್ಕೆ ತಂದರು.

ಅದೇ ಅಳತೆಯಲ್ಲಿ ಎಚ್. ಉಪ್ಮನ್ ಸರ್ ವಿನ್‌ಸ್ಟನ್ ಇದೆ. ಮೆತ್ತಗಿದೆ, ಕಾಫಿಯ ಕಡೆಗೆ ವಾಲುತ್ತದೆ. ನಿಮಗೆ ಹೊಂದುತ್ತದೆ. ರೋಮಿಯೊ ವೈ ಹುಲಿಯೆಟಾ ಚರ್ಚಿಲ್ಸ್ ಸ್ವಲ್ಪ ಕೈಗೆಟಕುವ ಬೆಲೆ. ಒಂದು ಅದ್ಭುತ, ಮುಂದಿನದು ಸಪ್ಪೆ, ಹಾಗೆ ನನ್ನ ಅನುಭವ. ಒಂದೂಕಾಲು, ಒಂದೂವರೆ ತಾಸಿನ ಸಿಗಾರ್ ಇವು. ಆ ಹೆಸರಿನ ಚರ್ಚಿಲ್ ಬೆಂಗಳೂರಿನ ದಂಡಿಗೆ ಬಂದದ್ದು 1896ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಕ್ಯೂಬಾಗೆ ಹೋಗಿ ಬಂದಿದ್ದ. ಸಿಗಾರ್ ಚಟ ಜೊತೆಗೇ ಬಂದಿರಬೇಕು.

ಹೋದ ಕಡೆ ಅಗ್ಗ ಎಂದು ಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಪರಿಚಯದವರ ಪರಿಚಯದವರು "ಕ್ಯೂಬಾದಿಂದ ನೇರ" ಎಂದು ಕೊಹಿಬಾ ಕೊಟ್ಟರು. ಮುಚ್ಚಳಕ್ಕೆ ಗಾಜು ಇತ್ತು, ಒಳಗಿನದು ಕಾಣುವಂತೆ. ಎಷ್ಟು ಚೆಂದ ಎಂದುಕೊಂಡು ಕೊಂಡೆ. ಕೊಹಿಬಾ ಗಾಜಿನ ಮುಚ್ಚಳದಲ್ಲಿ ಬರುವುದೇ ಇಲ್ಲ ಎಂಬುದು ಎರಡು ಸೇದಿದ ಮೇಲೆ ತಿಳಿಯಿತು. ಒಂದನ್ನು ಉದ್ದಕ್ಕೆ ಸೀಳಿ ನೋಡಿದೆ. ಒಳಗೆ ಉದ್ದ ಎಲೆ ಇರಲಿಲ್ಲ, ಕಸ ಗುಡಿಸಿ ತುಂಬಿದಂಥ ಚೂರುಪಾರು. ನಮ್ಮೂರ ಚುಟ್ಟಾ ಸೇದುವ ಅಜ್ಜಂದಿರೂ ಅದನ್ನು ಮುಟ್ಟುತ್ತಿರಲಿಲ್ಲ.

ಈಗ ನಾನು ಬಾಕ್ಸ್ ಮಗುಚಿ ತಳ ನೋಡುತ್ತೇನೆ. ಹೆಚೊ ಎನ್ ಕೂಬಾ, ತೊತಾಲ್‌ಮೆಂತೆ ಆ ಮಾನೊ ಎಂದು ಸುಟ್ಟು ಒತ್ತಿದ ಗುರುತು ಇರಬೇಕು. ಕ್ಯೂಬಾದಲ್ಲಿ, ಪೂರ್ತಿ ಕೈಯಲ್ಲಿ ಮಾಡಿದ್ದು ಎಂದು ಅರ್ಥ. ಪಕ್ಕದಲ್ಲೇ ಫ್ಯಾಕ್ಟರಿಯ ಗುಟ್ಟಿನ ಅಕ್ಷರ, ತಿಂಗಳು, ವರ್ಷದ ಮುದ್ರೆ. ಮೇಲೆ ಹಸಿರು ಬಿಳಿ ವಾರಂಟಿ ಚೀಟಿ, ಅದರಲ್ಲಿ ಬಾರ್‌ಕೋಡ್. ಬಿಡಿ ಕೊಂಡರೂ ಅವು ಬಂದ ಬಾಕ್ಸ್ ತೋರಿಸಿ ಎಂದು ಕೇಳಬಹುದು. ಒಳ್ಳೆಯ ಅಂಗಡಿಯವರು ತೋರಿಸುತ್ತಾರೆ. ಉದ್ದ ಸಿಗಾರ್ ಕೊಳ್ಳುವಾಗ ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು ಹೋಗಿ. ಎಲ್ಲೋ ಒಂದು ಕಡೆ ಕಲ್ಲಿನಂತೆ ಗಟ್ಟಿ ಸಿಕ್ಕರೆ ಬಿಡಿ, ಹೊಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉದ್ದ ಹೆಚ್ಚಿದಷ್ಟೂ ಈ ಕಾಟ ಹೆಚ್ಚು.

ಬೀದರ್‌ನಿಂದ ಇನ್ನೊಬ್ಬರು

ಎಲ್ಲರೂ ಯಾವುದು ಎನ್ನುತ್ತಿದ್ದೀರಿ. ಎಲ್ಲಿಡುತ್ತೀರಿ ಎಂದು ಯಾರೂ ಕೇಳಲಿಲ್ಲ.

ನಮ್ಮ ಕಡೆ ಸಿಗಾರ್ ರುಚಿ ಕೆಡುವುದು ಅಂಗಡಿಯಲ್ಲಲ್ಲ, ಮನೆಯಲ್ಲಿ. ನಮ್ಮ ಬೀದರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತಂಪು. ಆದರೂ ಏಪ್ರಿಲ್‌ನಲ್ಲಿ ಕಬ್ಬಿಣದ ಅಲಮಾರಿಯಲ್ಲಿಟ್ಟ ಎರಡು ಸಿಗಾರ್ ಹಪ್ಪಳ ಆಗಿದ್ದವು. ನಿಮ್ಮ ಕಲಬುರಗಿಯ 42, 43 ಡಿಗ್ರಿಯ ಮಾತು ಬೇರೆಯೇ. ಸಿಗಾರ್‌ಗೆ ಬೇಕಾದ್ದು 16ರಿಂದ 18 ಡಿಗ್ರಿ, ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ. ಅಷ್ಟು ತಂಪು ನಮಗೆಲ್ಲಿ ಬರಬೇಕು. ಆದರೆ 24 ದಾಟದಂತೆ ನೋಡಿಕೊಳ್ಳಲೇಬೇಕು. ದಾಟಿದರೆ ಎಲೆಯೊಳಗಿನ ಮೊಟ್ಟೆ ಒಡೆದು ಹುಳ ಹೊರಡುತ್ತದೆ. ಡಬ್ಬಿಯಲ್ಲಿಟ್ಟ ಅರಿಶಿನ ಕೊಂಬಿಗೆ, ಒಣ ಮೆಣಸಿನಕಾಯಿಗೆ ಬೀಳುವ ಅದೇ ಕಂದು ಹುಳ. ಸಿಗಾರ್‌ನಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು ಕಂಡರೆ ಮುಗಿಯಿತು.

ದುಬಾರಿ ಮರದ ಪೆಟ್ಟಿಗೆ ನಾನು ಕೊಂಡಿಲ್ಲ. ಬೇಸಿಗೆಯಲ್ಲಿ ಮರ ತಾನೇ ನೀರು ಕುಡಿಯುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ತೇವವನ್ನು 65ರಲ್ಲೇ ಹಿಡಿದಿಡುವ ಪೊಟ್ಟಣ, ಒಂದು ಚಿಕ್ಕ ತೇವಮಾಪಕ. ಡಬ್ಬಿಯನ್ನು ಒಳಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ, ಮಂಚದ ಕೆಳಗೆ. ಆ ಕಲ್ಲು ಚಳಿಗಾಲದಲ್ಲಿ ಕಾಲು ಕೊರೆಯುತ್ತದೆ ಎಂದು ಬೈಯುತ್ತೇವಲ್ಲ, ಇಲ್ಲಿ ಅದೇ ಉಪಕಾರಿ. ಮಾರ್ಚ್ ಬಂದರೆ ಎಸಿ ಕೋಣೆಗೆ ಸಾಗಿಸುತ್ತೇನೆ. ಇಲ್ಲವೇ ಅಷ್ಟರೊಳಗೆ ಸೇದಿ ಮುಗಿಸುತ್ತೇನೆ, ಅದೇ ಉತ್ತಮ ದಾರಿ. ಫ್ರಿಜ್‌ನಲ್ಲಿ ಸುಮ್ನೆ ಇಡಬೇಡಿ. ತೇವ ಎಳೆದುಕೊಳ್ಳುತ್ತದೆ, ಜೊತೆಗೆ ಬೆಳ್ಳುಳ್ಳಿ ವಾಸನೆ ಉಚಿತ.

ದೊಡ್ಡ ಸಿಗಾರ್ ಒಣಗಿದರೆ ಗಡಿಬಿಡಿಯಲ್ಲಿ ಒದ್ದೆ ಬಟ್ಟೆ ಸುತ್ತಬೇಡಿ. ಹೊರಗಿನ ಎಲೆ ಮೊದಲು ಉಬ್ಬಿ ಸೀಳುತ್ತದೆ. ಒಳಗಿನವರೆಗೆ ತೇವ ಇಳಿಯಲು ವಾರಗಟ್ಟಲೆ ಬೇಕು. ವಿಮಾನದಿಂದ ಇಳಿದದ್ದಕ್ಕೂ ಎರಡು ಮೂರು ವಾರ ವಿಶ್ರಾಂತಿ ಕೊಡಿ. ಅಂದರೆ ಗೃಹಪ್ರವೇಶಕ್ಕಲ್ಲ, ಎಳ್ಳ ಅಮಾವಾಸ್ಯೆಗೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡು, ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಹಚ್ಚಿ. ಹೊಟ್ಟೆ ತುಂಬಿರುತ್ತದೆ, ಎರಡು ತಾಸೂ ಸಿಗುತ್ತದೆ.

ಯಾದಗಿರಿ ಕಡೆಯವರು

ತೊಗರಿ ಒಣಗಿ ನಿಂತಿರುತ್ತದೆ ಮಾರಾಯರೇ. ಕಿಡಿ ಜೋಕೆ. ನೀರಿನ ಕೊಡ ಪಕ್ಕದಲ್ಲಿರಲಿ.

ಕಲಬುರಗಿ, ಹಲ್ಲಿನ ವೈದ್ಯೆ

ರುಚಿ ಕೆಡಿಸಲು ಬಂದೆ ಎಂದುಕೊಳ್ಳಬೇಡಿ. ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಎಂದು ನನ್ನ ಕುರ್ಚಿಯಲ್ಲಿ ಕೂತು ಹೇಳುವವರು ಬಹಳ. ಶ್ವಾಸಕೋಶಕ್ಕೆ ಕಡಿಮೆ ಹೋಗಬಹುದು, ಬಾಯಿಗೆ ಪೂರ್ತಿ ಸಿಗುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸಿಗಾರ್‌ನಿಂದಲೂ ಬರುತ್ತದೆ. ನೀವು ಹೇಳುತ್ತಿರುವ ಸೈಜಿನ ಒಂದು ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ವರ್ಷಕ್ಕೆ ಎರಡು ಮೂರು ಎನ್ನುವವರು ಎರಡು ಮೂರರಲ್ಲೇ ಇರಿ. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಮಚ್ಚೆ ಕಂಡರೆ ತೋರಿಸಿ. ಮನೆಯಲ್ಲಿ ಮಕ್ಕಳಿದ್ದಾಗ ಹಚ್ಚಬೇಡಿ.

ಕಲಬುರಗಿಯಿಂದಲೇ ಇನ್ನೊಬ್ಬರು

ಡಾಕ್ಟರ್ ಮಾತು ಸರಿ. ಅದಕ್ಕೇ ನಾನು ಕಡೆಯ ಮೂರನೇ ಭಾಗಕ್ಕೆ ಆಸೆ ಪಡುವುದಿಲ್ಲ. ಕಹಿ ಶುರುವಾದ ಕೂಡಲೇ ಬೂದಿತಟ್ಟೆಯಲ್ಲಿಟ್ಟುಬಿಡುತ್ತೇನೆ, ತಾನೇ ಆರುತ್ತದೆ. ಕೊಟ್ಟ ದುಡ್ಡು ವಸೂಲಿ ಮಾಡಲು ಹೋದವರ ಬಾಯಿ ಮರುದಿನ ಬೆಳಿಗ್ಗೆವರೆಗೂ ಚುಟ್ಟಾ ನಾರುತ್ತದೆ. ಅಂದ ಹಾಗೆ ನನ್ನ ಬೂದಿತಟ್ಟೆ ಬಿದರಿ ಕೆಲಸದ್ದು. ಹಿಂದೆ ನವಾಬರ ಹುಕ್ಕಾದ ಬುಡ ಮಾಡುತ್ತಿದ್ದ ಕೈಗಳ ಕಸುಬು. ಆ ಕಪ್ಪಿನ ಮೇಲೆ ಬೂದಿ ಬಿದ್ದರೆ ಬೆಳ್ಳಿ ಗೆರೆ ಕಾಣುವುದಿಲ್ಲ ಎಂದು ಹೆಂಡತಿ ಜಗಳ ಮಾಡುತ್ತಾಳೆ. ಸೇದುವುದಕ್ಕೆ ಅಡ್ಡಿ ಇಲ್ಲ, ತಟ್ಟೆಗೆ ಮಾತ್ರ ಅಡ್ಡಿ.

ಕೇಳಿದವರು

ಪಟ್ಟಿ ಕಳಿಸಿದೆ. ಹೊಯೊ ಡಬಲ್ ಕರೋನ ಮೂರು, ಸರ್ ವಿನ್‌ಸ್ಟನ್ ಎರಡು. ಲುಸಿತಾನಿಯಾಸ್ ಒಂದೇ ಒಂದು, ಹೆದರಿಸಿದ ಗೆಳೆಯನಿಗೆ, ಬೆಲ್ಲದ ಸಮೇತ. ಡಬ್ಬಿ ಇಂದೇ ತಂದಿಟ್ಟಿದ್ದೇನೆ. ಅವಲಕ್ಕಿ ಡಬ್ಬಿ ಎಂದುಕೊಂಡು ಹೆಂಡತಿ ಆಗಲೇ ಅರ್ಧ ತುಂಬಿಸಿದ್ದಾಳೆ. ಭಾವಮೈದನಿಂದ ಬಂದ ಉತ್ತರ ಇಷ್ಟೇ: "ತರುತ್ತೇನೆ. ಯಾರಿಗೆ ಎಂದು ಅಕ್ಕ ಕೇಳಿದರೆ ಏನು ಹೇಳಲಿ?"