ಹಡಗು ಬರುವಷ್ಟರಲ್ಲಿ ಸುಂಕ ಬದಲಾದರೆ ಯಾವ ದರ?

ಕೇಳಿದ್ದು: ಪೀಣ್ಯದ ಸಣ್ಣ ಯೂನಿಟ್‌ಗೆ ತೈವಾನ್‌ನಿಂದ ಬೇರಿಂಗ್ ಬರ್ತಿದೆ, ಚೆನ್ನೈ ಬಂದರಿಗೆ. ಹಡಗು ಇನ್ನೂ ದಾರಿಯಲ್ಲಿದೆ. ಅಷ್ಟರಲ್ಲಿ ದರ ತಿದ್ದುಪಡಿಯಾದ್ರೆ ಯಾವ ದಿನದ ದರ ಹಿಡೀತಾರೆ? ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಸಲ್ಲಿಸೋ ಘೋಷಣೆ) ಬೇಗ ಹಾಕಿಬಿಟ್ರೆ ಹಳೇ ದರವೇ ಉಳಿಯುತ್ತೆ ಅಂತಾರೆ, ನಿಜವಾ? ಗ್ರಾಹಕರಿಗೆ ಕೊಟೇಷನ್ ಬೇರೆ ಕೊಟ್ಟಾಗಿದೆ.

ಕಸ್ಟಮ್ಸ್ ಬ್ರೋಕರ್ ಒಬ್ಬರು: ಉಳಿಯಲ್ಲ. ಕಸ್ಟಮ್ಸ್ ಕಾಯ್ದೆ 1962ರ ಸೆಕ್ಷನ್ 15 ನೋಡಿ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ದರವೇ ಅನ್ವಯ ಅನ್ನೋದು ಸರಿ, ಆದ್ರೆ ಹಡಗಿಗೆ ಎಂಟ್ರಿ ಇನ್‌ವರ್ಡ್ (ಸರಕು ಇಳಿಸೋಕೆ ಕಸ್ಟಮ್ಸ್ ಕೊಡೋ ಅನುಮತಿ) ಸಿಗೋ ಮೊದಲೇ ಸಲ್ಲಿಸಿದ್ರೆ, ಸಲ್ಲಿಸಿದ್ದೇ ಎಂಟ್ರಿ ಇನ್‌ವರ್ಡ್ ದಿನ ಅಂತ ಲೆಕ್ಕ ಹಾಕ್ತಾರೆ. 30 ದಿನ ಮುಂಚೆ ಹಾಕಬಹುದು, ಕೆಲಸ ಬೇಗ ಆಗುತ್ತೆ ನಿಜ, ಆದ್ರೆ ಸುಂಕದ ದರ ಗಟ್ಟಿಯಾಗಲ್ಲ. ಗಟ್ಟಿಯಾಗೋದು ಡಾಲರ್ ದರ ಮಾತ್ರ. ಸೆಕ್ಷನ್ 14ರ ಪ್ರಕಾರ ವಿನಿಮಯ ದರಕ್ಕೆ ಬಿಲ್ ಸಲ್ಲಿಸಿದ ದಿನವೇ ಲೆಕ್ಕ. ಒಂದೇ ಬಿಲ್‌ನಲ್ಲಿ ಎರಡು ತಾರೀಖು ಓಡೋದು ಇಲ್ಲೇ, ಜನ ಗೊಂದಲ ಮಾಡ್ಕೊಳ್ಳೋದೂ ಇಲ್ಲೇ.

ದರ ಇಳಿಯುತ್ತೆ ಅಂತ ಕಾಯ್ತಾ ಕೂರೋದೂ ಬೇಡ. ಹಡಗು ಬರೋ ಹಿಂದಿನ ದಿನ ಮುಗಿಯೋದ್ರೊಳಗೆ ಬಿಲ್ ಹಾಕಬೇಕು, ರಜೆ ಇದ್ರೂ. ತಪ್ಪಿದ್ರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಜೊತೆಗೆ ಕಂಟೇನರ್ ಡಿಟೆನ್ಷನ್, ಅಂದ್ರೆ ಕಂಟೇನರ್ ತಡವಾಗಿ ಹಿಂತಿರುಗಿಸಿದ್ದಕ್ಕೆ ಹಡಗು ಕಂಪನಿಗೆ ಕಟ್ಟೋ ಶುಲ್ಕ. ಕಾಯಲೇಬೇಕು ಅಂದ್ರೆ ಬಾಂಡೆಡ್ ಗೋದಾಮಿಗೆ (ಸುಂಕ ಕಟ್ಟೋ ಮೊದಲೇ ಸರಕು ಇಡೋ ಜಾಗ) ಹಾಕಿ. ಆಗ ಎಕ್ಸ್-ಬಾಂಡ್ ಬಿಲ್ (ಗೋದಾಮಿನಿಂದ ಸರಕು ಬಿಡಿಸೋ ಬಿಲ್ ಆಫ್ ಎಂಟ್ರಿ) ಹಾಕಿದ ದಿನದ ದರ. ಸುಂಕದ ಮೂರು ಪಟ್ಟು ಮೊತ್ತಕ್ಕೆ ಬಾಂಡ್ ಬರೆದುಕೊಡಬೇಕು, 90 ದಿನ ದಾಟಿದ್ರೆ ವಾರ್ಷಿಕ ಶೇ. 15 ಬಡ್ಡಿ. ದರ ಏರಿಬಿಟ್ರೆ ಏರಿದ್ದನ್ನೇ ಕಟ್ಟಬೇಕು. ಬೇರಿಂಗ್‌ನಂಥ ಮಾಲಿಗೆ ಈ ಜೂಜು ಲಾಭದ್ದಲ್ಲ.

ಕೇಳಿದವರು: ಒಂದೇ ದಿನ ಬೆಳಗ್ಗೆ ಬಿಲ್, ಸಂಜೆ ಅಧಿಸೂಚನೆ ಬಂದ್ರೆ?

ತೆರಿಗೆ ವಕೀಲರೊಬ್ಬರು: ಗಂಟೆ, ನಿಮಿಷ, ಸೆಕೆಂಡೂ ಲೆಕ್ಕಕ್ಕೆ ಬರುತ್ತೆ. 2019ರ ಫೆಬ್ರವರಿ 16ರಂದು ಪಾಕಿಸ್ತಾನದ ಎಲ್ಲ ಸರಕಿನ ಮೇಲೆ ಶೇ. 200 ಸುಂಕ ಹಾಕಿದ ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಟ್ಟಾರಿ ಗಡಿಯಲ್ಲಿ ಅದಕ್ಕೂ ಮುಂಚೆಯೇ ಸರಕು ಬಂದು ಬಿಲ್ ಸಲ್ಲಿಕೆಯಾಗಿತ್ತು. ಆ ಇಡೀ ದಿನಕ್ಕೆ ಹೊಸ ದರ ಅನ್ನೋದು ಸರ್ಕಾರದ ವಾದ. ಚಠಾ ರೈಸ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್ 23ರಂದು ಅದನ್ನು ಒಪ್ಪಲಿಲ್ಲ. ಅಪ್‌ಲೋಡ್ ಆದ ಕ್ಷಣದಿಂದ ಮಾತ್ರ ಅನ್ವಯ ಅಂದಿತು. ಹಾಗಾಗಿ ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಐಸ್‌ಗೇಟ್‌ನ ಸ್ವೀಕೃತಿಯನ್ನೂ ಸಮಯದ ಗುರುತಿರೋ ಗೆಜೆಟ್ ಪಿಡಿಎಫ್ಅನ್ನೂ ಒಂದೇ ಫೈಲಲ್ಲಿ ಇಟ್ಕೊಳ್ಳಿ.

ಬಜೆಟ್ ದಿನ ಮಾತ್ರ ಕಣ್ಣಿಟ್ರೆ ಸಾಲದು. ಕಚ್ಚಾ ಖಾದ್ಯತೈಲದ ಒಟ್ಟು ಸುಂಕ 2024ರ ಸೆಪ್ಟೆಂಬರ್ 14ರಿಂದ ಶೇ. 5.5ರಿಂದ 27.5ಕ್ಕೆ ಏರಿತು, 2025ರ ಮೇ ಕೊನೆಗೆ 16.5ಕ್ಕೆ ಇಳಿಯಿತು. ಎರಡಕ್ಕೂ ಬಜೆಟ್‌ಗೂ ಸಂಬಂಧವೇ ಇರಲಿಲ್ಲ.

ಆಮದು ಲೆಕ್ಕ ನೋಡುವವರು: ದಿನಾಂಕದ ಜೊತೆಗೆ ಬಿಲ್‌ನಲ್ಲಿರೋ ಅಧಿಸೂಚನೆ ಸಂಖ್ಯೆಯನ್ನೂ ಒಮ್ಮೆ ನೋಡಿ. ಎಷ್ಟೋ ವರ್ಷ ಎಲ್ಲರ ಬಾಯಲ್ಲೂ ಇದ್ದ ಸುಂಕ ರಿಯಾಯಿತಿಯ ಅಧಿಸೂಚನೆ 50/2017 ಈಗಿಲ್ಲ. 31 ಅಧಿಸೂಚನೆಗಳನ್ನು ಒಟ್ಟುಗೂಡಿಸಿದ 45/2025, 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಸೀರಿಯಲ್ ನಂಬರ್‌ಗಳೂ ಬದಲಾಗಿವೆ. ಸಾಫ್ಟ್‌ವೇರ್‌ನಲ್ಲಿ ಹಳೇ ಬಿಲ್ ಕಾಪಿ ಮಾಡಿ ಹಾಕಿದ್ರೆ ಹಳೇ ನಂಬರೇ ಕೂತಿರುತ್ತೆ. ಆಮೇಲೆ ಕ್ವೆರಿ ಬರುತ್ತೆ, ಇಲ್ಲಾ ರಿಯಾಯಿತಿಯೇ ಕೈತಪ್ಪುತ್ತೆ. ಐಜಿಎಸ್‌ಟಿ (ಆಮದಿನ ಮೇಲೂ ಬೀಳೋ ಜಿಎಸ್‌ಟಿ) ದರದ ಅಧಿಸೂಚನೆಯದ್ದೂ ಇದೇ ಕಥೆ: 2025ರ ಸೆಪ್ಟೆಂಬರ್ 22ರಿಂದ 1/2017ರ ಜಾಗಕ್ಕೆ 9/2025 ಬಂದಿದೆ.

ನೋಡೋ ಕ್ರಮ ಹೀಗಿರಲಿ. ಮೊದಲು 8 ಅಂಕಿಯ ಕೋಡ್‌ಗೆ ಟ್ಯಾರಿಫ್ ದರ. ಆಮೇಲೆ 45/2025ರ ಕೋಷ್ಟಕದಲ್ಲಿ ಅದೇ ಕೋಡ್, ಸರಕಿನ ವಿವರಣೆ ಪದಶಃ ಹೊಂದುತ್ತಾ ಅಂತ. ಕೊನೇ ಕಾಲಂನಲ್ಲಿ ಷರತ್ತಿನ ಸಂಖ್ಯೆ ಇದ್ರೆ ಆ ಷರತ್ತನ್ನು ಓದದೇ ಮುಂದೆ ಹೋಗಬೇಡಿ. ಷರತ್ತಿನ ರಿಯಾಯಿತಿಗಳಿಗೆ ಅವಧಿಯೂ ಇರುತ್ತೆ, ಮಾರ್ಚ್ 31ಕ್ಕೆ ಸತ್ತುಹೋಗೋವು ಬಹಳ. ನಂತರ ಸೆಸ್, ಆ್ಯಂಟಿ-ಡಂಪಿಂಗ್ (ತೀರಾ ಅಗ್ಗವಾಗಿ ತಂದು ಸುರಿಯೋ ಮಾಲಿನ ಮೇಲಿನ ಹೆಚ್ಚುವರಿ ಸುಂಕ), ಬಿಐಎಸ್ ಗುಣಮಟ್ಟದ ನಿಯಮ.

ಕೊಟೇಷನ್‌ಗೆ ಲೆಕ್ಕ: ಸರಕಿನ ಮೌಲ್ಯ 10 ಲಕ್ಷ, ಮೂಲ ಸುಂಕ ಶೇ. 7.5 ಅಂದ್ಕೊಳ್ಳಿ. ಸುಂಕ 75,000, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 7,500, ಇವೆಲ್ಲ ಸೇರಿದ 10,82,500ರ ಮೇಲೆ ಶೇ. 18 ಐಜಿಎಸ್‌ಟಿ 1,94,850. ಒಟ್ಟು 2,77,350. ಸುಂಕ ಶೇ. 10 ಆದ್ರೆ ಒಟ್ಟು 3,09,800. ವ್ಯತ್ಯಾಸ 32,450 ಕಂಡ್ರೂ 4,950 ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ನಿಜವಾದ ಹೊರೆ 27,500. ಕೊಟೇಷನ್‌ನಲ್ಲಿ ಹಿಡಿಯಬೇಕಾದ್ದು ಇದನ್ನೇ.

ಕೇಳಿದವರು: ಆ 27,500 ಗ್ರಾಹಕರಿಂದ ಕೇಳಬಹುದಾ?

ತೆರಿಗೆ ವಕೀಲರು: ಸರಕು ಮಾರಾಟ ಕಾಯ್ದೆ 1930ರ ಸೆಕ್ಷನ್ 64ಎ ನಿಮ್ಮ ಪರವಾಗಿದೆ. ಒಪ್ಪಂದ ಆದ ಮೇಲೆ ಕಸ್ಟಮ್ಸ್ ಸುಂಕ ಏರಿದ್ರೆ ಬೆಲೆಗೆ ಸೇರಿಸಬಹುದು, ಇಳಿದ್ರೆ ಗ್ರಾಹಕರೂ ಕಡಿತ ಮಾಡಬಹುದು. ಆದ್ರೆ ಒಪ್ಪಂದದಲ್ಲಿ ಬೇರೆ ಮಾತಿದ್ರೆ ಅದೇ ನಡೆಯುತ್ತೆ. ‘ಎಲ್ಲ ಸೇರಿ ಸ್ಥಿರ ಬೆಲೆ’ ಅಂತ ಬರೆದಿದ್ರೆ ಕಷ್ಟ.

ಬ್ರೋಕರ್: ಹೆಚ್ಚು ಕಟ್ಟಿಬಿಟ್ಟಿದ್ರೆ ನೇರ ರೀಫಂಡ್ ಅರ್ಜಿ ಹಾಕ್ಬೇಡಿ. ಐಟಿಸಿ ಕಂಪನಿಯ ಪ್ರಕರಣದಲ್ಲಿ 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮೊದಲು ಅಸೆಸ್‌ಮೆಂಟ್ (ಬಿಲ್‌ನ ಸುಂಕ ನಿರ್ಧಾರ) ಬದಲಾಗಬೇಕು. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 149ರಡಿ ಬಿಲ್ ತಿದ್ದುಪಡಿಗೆ ಸರಕು ಬಿಡುಗಡೆ ಹೊತ್ತಲ್ಲಿ ಇದ್ದ ದಾಖಲೆಯೇ ಬೇಕು, ಆಮೇಲೆ ಮಾಡಿಸಿದ ಸರ್ಟಿಫಿಕೇಟ್ ನಡೆಯಲ್ಲ. ಮೇಲ್ಮನವಿಗೆ 60 ದಿನ.